ನೂರಕ್ಕೆ ಒಂಬತ್ತು ಹೆಚ್ಚು

ಆಗಸ್ಟ್ 4, ಬೆಳಗ್ಗೆ 6.10
ಕ್ಯಾನ್ಸರ್ ವಾರ್ಡಿನ ವಿಕಿರಣ ಯಂತ್ರಕ್ಕೆ ಹೊಸ ಭಾಗ ಹಾಕಿ ಎಂಜಿನಿಯರ್ ಶನಿವಾರ ಹೋದ. ಎಷ್ಟು ಕೊಡುತ್ತದೆ ಎಂದು ಮೊದಲಿಂದ ಅಳೆದು ಹೊಂದಿಸಬೇಕು. ಒಬ್ಬಳೇ. ಭೌತತಜ್ಞರ ಕುರ್ಚಿ ಮೂರಿವೆ, ಕೂರುವವಳು ನಾನೊಬ್ಬಳು. ಬ್ಯಾರೋಮೀಟರ್ ಬೇರೆ ಕೆಟ್ಟಿದೆ. ಗಾಳಿಯ ಒತ್ತಡ ಗೊತ್ತಿಲ್ಲದೆ ಅಳತೆ ಮುಗಿಯದು. ವಿಮಾನ ನಿಲ್ದಾಣದ ಹವಾಮಾನ ಕಚೇರಿಗೆ ಫೋನ್ ಮಾಡಿದೆ. 1012 ಅಂದರು. ಚಿರೆಬೊನ್‌ನಲ್ಲಿ ಹನ್ನೊಂದು ವರ್ಷ ದಿನಾ ಕಂಡ ಸಂಖ್ಯೆ. ಬಾಂಡುಂಗಿಗೆ ಬಂದು ಎರಡು ತಿಂಗಳು, ಒಂದಾದರೂ ಪರಿಚಯದ್ದು ಸಿಕ್ಕಿತಲ್ಲ... ಯಂತ್ರ ಕಡಿಮೆ ಕೊಡುತ್ತಿತ್ತು. ಏರಿಸಿದೆ.

ಆಗಸ್ಟ್ 6
ಕ್ಯಾಂಟೀನಿನ ಬು ಒನಾ ಇವತ್ತಿನಿಂದ ನಮ್ಮ ರೋಗಿ. ಗಂಟಲು. ನನ್ನ ಮನಸ್ಸು ಸರಿಯಿಲ್ಲ. ಈ ಊರಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು. ಬೇಯಿಸಿದ ತರಕಾರಿಗೆ ಶೇಂಗಾ ಚಟ್ನಿ ಕಲಸುವಾಗ ನನಗೆ ಮಾತ್ರ ಒಂದು ಸೌಟು ಹೆಚ್ಚು. ನಾನು ಅಮ್ಮನನ್ನು ಕರೆದಂತೆ ‘ಬು’ ಅಂದರೆ, ಅವರು ಮಗಳನ್ನು ಕರೆದಂತೆ ‘ನೆಂಗ್’ ಎನ್ನುತ್ತಾರೆ.
"ನೆಂಗ್, ನಿನ್ನ ಮಷೀನು ನನ್ನ ರುಚಿ ತಿಂದುಹಾಕಲ್ಲ ತಾನೆ? ಚಟ್ನಿ ಹದ ನೋಡೋ ನಾಲಿಗೆ ಕಣೇ ಇದು."
"ಸ್ವಲ್ಪ ದಿನ ಕೆಡತ್ತೆ, ಬು. ಮತ್ತೆ ಬರತ್ತೆ. ನಾನು ಅಳೆದೇ ಕೊಡೋದು."
ಏನು ಜಂಬ ನನಗೆ.

ಆಗಸ್ಟ್ 22
ಬು ಒನಾಗೆ ನೀರೂ ಇಳಿಯುತ್ತಿಲ್ಲ. ಬಾಯಿ ತುಂಬ ಹುಣ್ಣು, ಇಷ್ಟು ಬೇಗ. ಡಾಕ್ಟರ್ ಹೆರ್ಲಾನ್‌ಗೆ ಹೇಳಿದೆ.
"ಗಂಟಲಿನವರಿಗೆಲ್ಲ ಹೀಗೇ ಆಗೋದು. ಬಾಯಿ ನಾನು ನೋಡ್ಕೋತೀನಿ, ನೀವು ಸಂಖ್ಯೆ ನೋಡ್ಕೊಳ್ಳಿ."
ಮೂರು ಸಲ ನೋಡಿದೆ. ಸರಿ ಇದೆ.

ಸೆಪ್ಟೆಂಬರ್ 1, ಬೆಳಗ್ಗೆ 6.25
ತಿಂಗಳ ತಪಾಸಣೆ. ಹವಾಮಾನ ಕಚೇರಿಯಲ್ಲಿ ಇವತ್ತು ಬೇರೆ ಹೆಂಗಸು.
"ವಿಮಾನದೋರಿಗೆ ಹೇಳೋದು ಬೇಕಾ, ಇಲ್ಲಿ ನಿಜವಾಗ್ಲೂ ಇರೋದು ಬೇಕಾ?"
ಎರಡೂ ಒಂದೇ ಅಲ್ಲವೇ ಅಂದೆ.
"ಎಲ್ಲಿ ಒಂದೇ? ಮೊದಲನೇದು ಸಮುದ್ರಮಟ್ಟಕ್ಕೆ ಹೊಂದಿಸಿದ್ದು, 1012. ಇಲ್ಲಿರೋದು 928."
ಫೋನ್ ಇಟ್ಟೆ. ಚಿರೆಬೊನ್ ಕಡಲ ದಂಡೆ. ಇದು ಬೆಟ್ಟದ ಊರು, ಗಾಳಿ ತೆಳು. ತೆಳು ಗಾಳಿಯಲ್ಲಿ ಮೀಟರೇ ಕಡಿಮೆ ತೋರಿಸುತ್ತದೆ. ಯಂತ್ರ ಸರಿಯಾಗಿಯೇ ಇತ್ತು. ಏರಿಸಿದವಳು ನಾನು. ನೂರಕ್ಕೆ ಒಂಬತ್ತು — ನಲವತ್ತೊಂದು ಜನಕ್ಕೆ, ನಾಲ್ಕು ವಾರ.

ಅದೇ ದಿನ, 8.00
ಯಂತ್ರ ನಿಲ್ಲಿಸಿದೆ. ಹೆರ್ಲಾನ್‌ಗೆ ಎಲ್ಲ ಹೇಳಿದೆ.
"ಸರಿಮಾಡಿ, ಮುಂದಿನ ದಿನಗಳದ್ದು ತಗ್ಗಿಸೋಣ. ರೋಗಿಗಳನ್ನ ಯಾಕೆ ಹೆದರಿಸ್ತೀರಿ?"
"ಅವರಿಗೆ ಗೊತ್ತಾಗಬೇಕು, ಡಾಕ್ಟ್ರೇ."
"ಯಾರು ಹೇಳೋದು?"
"ಅಳೆದವಳು ನಾನು."
ಬು ಒನಾ ನಾಲಿಗೆಗೆ ರುಚಿ ಮರಳುತ್ತದೆಯೇ ಎಂದು ಕೇಳಿದೆ. ಈಗ ಹೇಳಲಾಗದು ಅಂದರು.

ಸೆಪ್ಟೆಂಬರ್ 2, ಮಧ್ಯಾಹ್ನ
ಪಟ್ಟಿಯಲ್ಲಿ ಮೊದಲ ಹೆಸರು ಬು ಒನಾ. ಹಾಸಿಗೆಯ ಪಕ್ಕ ಕೂತು ಹೇಳಿದೆ. ಅಳತೆ ತಪ್ಪಿತು, ನಿಮಗೆ ಹೆಚ್ಚು ಹೋಯಿತು, ತಪ್ಪು ನನ್ನದು.
ನನ್ನ ಕೈ ಹಿಡಿದುಕೊಂಡರು. ದನಿ ಪೂರ್ತಿ ಹೋಗಿದೆ, ಪಿಸುಮಾತು ಮಾತ್ರ.
"ನನಗೆ ಜಾಸ್ತಿ ಹಾಕಿದ್ಯಾ, ನೆಂಗ್? ನಿನ್ನ ತಟ್ಟೆಗೆ ನಾನು ಹಾಕ್ತಿದ್ದ ಹಾಗೆ? ಪಕ್ಕದ ಹಾಸಿಗೆಯವಳಿಗೆ ಹೇಳಬೇಡ, ಅವಳೂ ಕೇಳ್ತಾಳೆ."
ನಕ್ಕರು. ನಗಲು ನೋವಾಯಿತು, ಆದರೂ ನಕ್ಕರು.
ಮತ್ತೆ ಮೊದಲಿಂದ ಹೇಳಬೇಕಾಯಿತು. "ಅದು ಹಾಗಲ್ಲ, ಬು," ಅಂದೆ. ನಗು ಇನ್ನೂ ಮುಖದ ಮೇಲಿತ್ತು. "ಅದು ನಿಮ್ಮ ನಾಲಿಗೆ ಸುಟ್ಟಿದೆ, ರುಚಿ ಮತ್ತೆ ಬರತ್ತೋ ಇಲ್ವೋ ಈಗ ಹೇಳೋಕಾಗಲ್ಲ."