ನಾಲ್ಕೂ ಕಡೆ ಗಾಳಿ

ಸಿಂಧನೂರು
28 ಆಗಸ್ಟ್ 2025

ಮಗಳೇ ರಂಜೂ,

ಅವ್ವನ ಕೈಬರಹ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಆರಾಮಾಗಿದ್ದೇವೆ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮಪ್ಪಾಜಿ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ನಿನ್ನ ಜೊತೆ ಡಾಕ್ಟರಿಕೆ ಓದುವ ಲಿಂಗಸುಗೂರಿನ ನಾಸೀರ್ ರಜೆ ಮುಗಿಸಿ ಜಾರ್ಜಿಯಾಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲಿ ಕಡಕ್ ರೊಟ್ಟಿ, ಗುರೆಳ್ಳು ಹಿಂಡಿ ಕಳಿಸುತ್ತಿದ್ದೇನೆ. ಈ ಕಾಗದ ರೊಟ್ಟಿ ಡಬ್ಬಿಯ ತಳದಲ್ಲಿದೆ.

ವಿಷಯ ಅಲ್ಲಿಯ ಮನೆಯದು. ನಿನಗೆ ಸೀಟು ಕೊಡಿಸಿದ ಏಜೆಂಟ್ ಚನ್ನವೀರ ಈಗ ಆ ದೇಶದಲ್ಲಿ ಫ್ಲ್ಯಾಟುಗಳನ್ನೂ ಕೊಡಿಸುತ್ತಾನೆ. ಜೂನ್‌ನಲ್ಲಿ ನಮ್ಮ ಗೊಬ್ಬರದ ಅಂಗಡಿಗೆ ಬಂದಿದ್ದ. ಪರದೇಶದವರೂ ಅಲ್ಲಿ ತಮ್ಮ ಹೆಸರಿನಲ್ಲೇ ಮನೆ ಕೊಳ್ಳಬಹುದು, ಓದುವಷ್ಟು ದಿನ ನೀನಿರಬಹುದು, ಓದಾದ ಮೇಲೂ ಅಲ್ಲೇ ನೆಲೆಸಬಹುದು, ಬೇಡವೆಂದರೆ ಬಾಡಿಗೆ ಬರುತ್ತದೆ ಎಂದು ಕೊಟ್ಟ ಚಹಾ ಆರುವವರೆಗೆ ಹೇಳಿದ. ನಿಮ್ಮಪ್ಪಾಜಿ ಎಲ್ಲ ಕೇಳಿ, ಹೊಲ ಕೊಳ್ಳುವಾಗ ಕೇಳುವ ಮೊದಲ ಮಾತನ್ನೇ ಕೇಳಿದರು. ಚಕ್ಕುಬಂದಿ ಹೇಗಿದೆ, ಯಾವ ದಿಕ್ಕಿಗೆ ಯಾರಿದ್ದಾರೆ?

“ಹದಿನೇಳನೇ ಮಜಲಿಗೆ ಎಲ್ಲಿ ಚಕ್ಕುಬಂದಿ ಬಿಡ್ರೀ ಅಪ್ಪಾರ, ನಾಕೂ ಕಡಿ ಗಾಳಿ” ಎಂದ ಚನ್ನವೀರ.

“ಛಲೋ ಆತು. ಗಾಳಿ ಬಂದು ಬದು ಸರಿಸಂಗಿಲ್ಲ” ಎಂದರು ಇವರು. ಅಲ್ಲಿಗೆ ಅವರ ಮನಸ್ಸು ಆ ಮನೆಯಲ್ಲಿ ಹೋಗಿ ಕೂತಿತು.

ಅದಕ್ಕೆ ಬಳಗಾನೂರಿನ ಹೊಲ ಮಾರಬೇಕಂತೆ. ಮಸ್ಕಿಯ ನನ್ನವ್ವ ಅರಿಷಿಣ-ಕುಂಕುಮಕ್ಕೆಂದು ನನ್ನ ಹೆಸರಿಗೆ ಮಾಡಿಸಿಕೊಟ್ಟ ಹೊಲ. ಕೊಳ್ಳುವವರೂ ಸಿಕ್ಕಿದ್ದಾರೆ, ಹಟ್ಟಿ ಗಣಿಯಿಂದ ನಿವೃತ್ತರಾದವರು. ಪೈರು ನಿಂತ ಹೊಲವನ್ನು ನಮ್ಮ ಕಡೆ ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದೂ ಇಲ್ಲ. ಅದಕ್ಕೇ ಕಾಲುವೆಗೆ ನೀರು ಬಿಟ್ಟರೂ ಈ ಸಲ ನೆಲ್ಲು ಹಚ್ಚಬೇಡ, ಬೀಳು ಬಿಡು ಎಂದರು ನಿಮ್ಮಪ್ಪಾಜಿ. ದಸರೆಗೆ ಮೊದಲು ನಾನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಬೇಕು.

ಹೊಲ ಮಾರುವಾಗ ಬದುವಿನ ಆಚೆಯವರಿಗೆ ಮೊದಲು ತಿಳಿಸುವುದು ರೂಢಿ. ಲಾಲ್‌ಬೀಗೆ ಹೋಗಿ ತಿಳಿಸಿದೆ. ಆ ದೇಶದವರು ಹೊರಗಿನವರಿಗೆ ಮನೆ ಮಾರುತ್ತಾರೆ, ಬೇಸಾಯದ ಭೂಮಿ ಮಾತ್ರ ಕೊಡುವುದಿಲ್ಲ ಎಂದು ಚನ್ನವೀರ ಹೇಳಿದ್ದನ್ನೂ ಹೇಳಿದೆ. ಆಕೆ ಹುಲ್ಲು ಕೊಯ್ಯುತ್ತಿದ್ದವಳು ಕುಡುಗೋಲು ಕೆಳಗಿಟ್ಟಳು.

“ಭಾಳ ಶಾಣ್ಯಾರ ಅದಾರ ನೋಡ್ರಿ ಅಕ್ಕಾರ. ತಮ್ಮ ಹೊಲ ತಾವು ಇಟಗೊಂಡು ನಿಮ್ಮ ಹೊಲ ಮಾರಸಾಕತ್ಯಾರ.”

ಹೊಲದ ಆಸೆಗೆ ಅವ್ವ ಅಡ್ಡ ಬರುತ್ತಾಳೆ ಎಂದುಕೊಳ್ಳಬೇಡ. ನಿನಗೆ ಅಲ್ಲಿ ನೆಲೆ ಬೇಕಿದ್ದರೆ ಆ ಹೊಲ ಮತ್ತೆ ಯಾತಕ್ಕೆ? ಆದರೆ ನೀನು ಆ ಫ್ಲ್ಯಾಟಿಗೆ ಹೋಗಿ ವಿಡಿಯೊ ತೋರಿಸಿದ ದಿನದಿಂದ ನನಗೊಂದು ಅನುಮಾನ. ನಿಮ್ಮಪ್ಪಾಜಿ ಕಿಟಕಿ ಎಷ್ಟು ದೊಡ್ಡದು, ಬಿಸಿಲು ಯಾವ ಕಡೆಯಿಂದ ಎಂದು ನೋಡುತ್ತಿದ್ದರು. ನಾನು ನಿನ್ನ ಬೂಟಿನ ಸಪ್ಪಳ ಕೇಳುತ್ತಿದ್ದೆ. ಬಾಗಿಲಿನಿಂದ ಬಾಲ್ಕನಿಯವರೆಗೂ ಟಕ್ ಟಕ್ ಟಕ್. ಸಣ್ಣವಳಿದ್ದಾಗ ನೀನು ಅಂಗಡಿಗೆ ಬಂದರೂ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದೆ. ಇದೇನು ಗುಡಿಯೇ ಎಂದು ಹಮಾಲರು ನಗುತ್ತಿದ್ದರು. ಅಲ್ಲಿಯ ಬಾಡಿಗೆ ಕೋಣೆಗೆ ಹೋದ ದಿನವೇ ಗೆಳತಿಯರ ಬೂಟುಗಳನ್ನೆಲ್ಲ ಬಾಗಿಲಾಚೆ ಇಡಿಸಿದವಳು ನೀನು. ನಮ್ಮದಾಗಬೇಕಾದ ಮನೆಯೊಳಗೆ ಬೂಟು ಬಿಚ್ಚದೆ ನಡೆದೆ. ಕಡೆಗೆ “ಛಲೋ ಐತಿ ಅಪ್ಪಾಜಿ” ಎಂದೆ. ಅವರಿಗೆ ಅದೊಂದೇ ಕೇಳಿಸಿತು.

ನೆಲದ ಮೇಲೆ ಸಿಮೆಂಟಿನ ಧೂಳಿತ್ತೇನೋ. ಗೋಡೆಗೆ ಇನ್ನೂ ಸುಣ್ಣ ಬಣ್ಣ ಕೂಡ ಆಗಿರಲಿಲ್ಲ. ನನ್ನ ಅನುಮಾನ ತಪ್ಪಾಗಿದ್ದರೆ ಹೇಳು, ಸಂತೋಷದಿಂದ ಸಹಿ ಹಾಕುತ್ತೇನೆ. ಓದು ಮುಗಿಸಿ ಊರಿಗೇ ಬರುವ ಮನಸ್ಸಿದ್ದು, ಅಪ್ಪಾಜಿಯ ಉಮೇದು ಕೆಡಿಸಬಾರದೆಂದು ಸುಮ್ಮನಿದ್ದರೆ ಅದನ್ನೂ ಬಾಯಿ ಬಿಟ್ಟು ಹೇಳು. ನನಗಲ್ಲ, ಅವರಿಗೇ ಹೇಳು. ನಾನು ಹೇಳಿದರೆ ತವರಿನ ಹೊಲದ ಮೋಹ ಅನ್ನುತ್ತಾರೆ. ನಿನ್ನ ಮೇಲೆ ಅವರಿಗೆ ಸಿಟ್ಟು ನಿಲ್ಲುವುದಿಲ್ಲ. ಒಂದೆರಡು ದಿನ ಮಾತು ಬಿಟ್ಟಾರು. ಆಮೇಲೆ ಸಿಂಧನೂರಿನಲ್ಲೇ ನಿನ್ನ ದವಾಖಾನೆಗೆ ಜಾಗ ಹುಡುಕುತ್ತಾ, ಸಿಕ್ಕವರನ್ನೆಲ್ಲ ಚಕ್ಕುಬಂದಿ ಕೇಳುತ್ತಾ ಹೊರಡುತ್ತಾರೆ.

ರೊಟ್ಟಿ ಪುಡಿಯಾಗಿದ್ದರೆ ನಾಸೀರನನ್ನು ಬೈಯಬೇಡ.

ನಿನ್ನ ಅವ್ವ,
ವೀರಭದ್ರಮ್ಮ

ತಾ.ಕ.: ಹೊಲ ಬೀಳು ಬಿದ್ದಿಲ್ಲ. ಲಾಲ್‌ಬೀಯ ಮಡಿಯಲ್ಲಿ ಸಸಿ ಮಿಕ್ಕಿತ್ತು. ನಿನ್ನ ವಿಡಿಯೊ ನೋಡಿದ ವಾರವೇ ಟ್ರ್ಯಾಕ್ಟರ್ ಹೊಡೆಸಿದೆ. ಬದುವಿನ ಮೇಲೆ ಚಪ್ಪಲಿ ಬಿಟ್ಟು ಕೆಸರಿಗಿಳಿದು ಮೊದಲ ಹಿಡಿ ನಾನೇ ಹಚ್ಚಿದೆ. ಈಗ ಬೇರು ಹಿಡಿದು ಹಸಿರಾಗಿದೆ. ನಿಮ್ಮಪ್ಪಾಜಿಗೆ ಗೊತ್ತಿಲ್ಲ. ಗೊಬ್ಬರ ನಮ್ಮ ಅಂಗಡಿಯಿಂದಲೇ ಹೋಗಿದೆ, ಲಾಲ್‌ಬೀ ಹೆಸರಿನಲ್ಲಿ. ಈ ವರ್ಷ ಆಕೆ ಹೊಲಕ್ಕೆ ಬಹಳ ಹಾಕುತ್ತಿದ್ದಾಳೆ ಎಂದು ಮೊನ್ನೆ ಉಣ್ಣುವಾಗ ಹೊಗಳಿದರು. ಸುಗ್ಗಿಯವರೆಗೆ ನಿನಗೆ ಪುರಸೊತ್ತಿದೆ. ನಿಧಾನವಾಗಿ ಯೋಚಿಸು.