ಪಂಪಿನ ಚೆಕ್ಕಿಗೊಂದು ಒಡಪು

ತುಬಚಿ
9-2-1985

ಪದ್ಮವ್ವನ ಅಪ್ಪನವರಿಗೆ,

ಸತ್ಯವ್ವನ ನಮಸ್ಕಾರ. ನಾನು, ಮಗಳು, ಎರಡು ಎಮ್ಮೆ, ಎಲ್ಲರೂ ಆರಾಮ ಇದ್ದೇವೆ. ಬನಹಟ್ಟಿಯ ಮಗ್ಗದ ಕೆಲಸದಲ್ಲಿ ನೀವೂ ಆರಾಮ ಇದ್ದೀರಿ ಎಂದು ತಿಳಿದಿದ್ದೇನೆ.

ನಿಮ್ಮ ಪತ್ರ ಮುಟ್ಟಿತು. ಐದು ವರ್ಷದಲ್ಲಿ ಇದೇ ಮೊದಲನೆಯದು, ಅದೂ ಪಂಪಿನ ಸಬ್ಸಿಡಿ ಮಂಜೂರಾದ ಸುದ್ದಿ ನಮ್ಮೂರ ಕಾಶಪ್ಪನ ಬಾಯಿಂದ ನಿಮ್ಮ ಕಿವಿಗೆ ಬಿದ್ದ ಮೇಲೆ. ಸರಕಾರದ ರೊಕ್ಕ ಹೆಂಗಸಿನ ಹೆಸರಿಗೆ ಬಂದರೆ ನಾಲ್ಕು ಮಂದಿಯಲ್ಲಿ ನಿಮ್ಮ ಮರ್ಯಾದೆ ಹೋಗುತ್ತದೆ, ಅದಕ್ಕೆ ನಿಮ್ಮ ಹೆಸರಿಗೆ ಮಾಡಿಸಲು ಒಪ್ಪಿಗೆ ಬರೆದು ಕಳಿಸು ಎಂದಿದ್ದೀರಿ. ಕಳಿಸುವುದಿಲ್ಲ. ಹೊಲ ನಮ್ಮಪ್ಪ ನನ್ನ ಉಡಿಯಲ್ಲಿ ಹಾಕಿದ್ದು. ಚೆಕ್ಕು ಸೋಮವಾರವೇ ನನ್ನ ಕೈಗೆ ಬಂದಿದೆ, ನನ್ನ ಹೆಸರಿನಲ್ಲೇ.

ಹೇಗೆ ಬಂತು ಕೇಳಿ. ಜಮಖಂಡಿಯ ಆಫೀಸಿನ ಅಂಗಳದಲ್ಲಿ ರೈತರನ್ನೆಲ್ಲ ಕೂಡಿಸಿದ್ದರು. ಪಟಕಾ ಸುತ್ತಿದ ಅಷ್ಟು ಗಂಡಸರ ನಡುವೆ ಸೆರಗು ಹೊದ್ದವಳು ನಾನೊಬ್ಬಳೇ. ಸಾಹೇಬರು ನನ್ನ ಹೆಸರು ಕೂಗಿ, ಗುರುತಿಗೆ ಗಂಡನ ಹೆಸರು ಹೇಳು ಎಂದರು. ನಾನು ನೆಲ ನೋಡುತ್ತ ನಿಂತೆ. ನಿಮ್ಮ ಹೆಸರನ್ನು ಬರಿದೇ ಬಾಯಿಬಿಟ್ಟು ಹೇಳಿದವಳಲ್ಲ ನಾನು, ಅದು ನಿಮಗೂ ಗೊತ್ತು. ಸಾಹೇಬರು ಈ ಸೀಮೆಗೆ ಹೊಸಬರು. ಗಂಡನ ಹೆಸರೇ ತಿಳಿಯದವಳಿಗೆ ಚೆಕ್ಕು ಹೇಗೆ ಕೊಡಲಿ ಎಂದು ಅದನ್ನು ಪಕ್ಕಕ್ಕಿಟ್ಟು ಮುಂದಿನವರನ್ನು ಕರೆದರು.

ಕಲ್ಲು ಹತ್ತಿತೆಂದು ನೀವು ಅರ್ಧಕ್ಕೆ ಬಿಟ್ಟು ಹೋದ ಬಾವಿಯನ್ನು ಮುಂದೆ ತೋಡಿಸಿ ನೀರು ಕಂಡವಳು ನಾನು. ಪಂಪಿಲ್ಲದಿದ್ದರೆ ಆ ನೀರು ಅಲ್ಲೇ ಕೆಳಗೆ ಉಳಿಯುತ್ತದೆ. ಹಿಂದೆ ಕೂತಿದ್ದ ಅಮಸಿದ್ದಪ್ಪ ಕಾಕಾ, "ಒಡಪು ಹಾಕಿ ಹೇಳಬೇ ತಂಗಿ," ಎಂದರು. ನಮ್ಮ ಮದುವೆಯಲ್ಲಿ ನಿಮ್ಮ ಹೆಸರನ್ನು ಪದದಲ್ಲಿ ಹೆಣೆದು ನಾಚಿ ನಾಚಿ ಒಂದು ಒಡಪು ಹೇಳಿದ್ದೆನಷ್ಟೇ. ಈಗ ಸೆರಗು ಬಿಗಿದು, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದೆ:

"ಬಾವಿ ತೋಡಿಸಿದಾಕಿ ನಾನ, ನೀರ ಕಂಡಾಕಿ ನಾನ,
ಕಲ್ಲಿಗಂಜಿ ಊರ ಬಿಟ್ಟ ಗಿರಮಲ್ಲಪ್ಪರ ಹೆಸರ ಹೇಳಾಕಿನೂ ನಾನ."

ಅಂಗಳವೆಲ್ಲ ನಕ್ಕಿತು. ನಕ್ಕದ್ದು ನನಗಲ್ಲ. ಸಾಹೇಬರು ಇನ್ನೊಮ್ಮೆ ಹೇಳಿಸಿ, ಎದ್ದು ನಿಂತು ಚೆಕ್ಕು ಕೊಟ್ಟರು. ನನಗಾದ ಹೆಮ್ಮೆಗೆ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂಡ್ರಲಿಲ್ಲ, ನಿಂತೇ ಬಂದೆ.

ಇನ್ನು ನಿಮ್ಮ ಮರ್ಯಾದೆಯ ಮಾತು. ನಾಲ್ಕು ಮಂದಿಯಲ್ಲಿ ನಿಮ್ಮ ಹೆಸರು ಹೇಳಿದ್ದೇನೆ, ಅಷ್ಟು ಸಾಕು. ಬರುವ ವಾರ ಪಂಪು ಕೂಡಿಸುತ್ತಾರೆ, ಗುಂಡಿ ಒತ್ತುವವಳು ಪದ್ಮವ್ವ. ನೋಡಬೇಕೆನಿಸಿದರೆ ಬನ್ನಿ. ಹಕ್ಕು ಕೇಳಲು ಬರುವುದಾದರೆ ಬಸ್ಸಿನ ಚಾರ್ಜು ದಂಡ ಮಾಡಿಕೊಳ್ಳಬೇಡಿ.

ಇಂತು,
ಬಾವಿ ಹೊಲದ ಸತ್ಯವ್ವ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಈ ಚೆಕ್ಕು ಹೋದ ವರ್ಷವೇ ಬರುತ್ತಿತ್ತು. ಆಫೀಸಿನ ಹೊರಗೆ ಅರ್ಜಿ ಬರೆಯುವವನೊಬ್ಬ, ಗಂಡ ತೀರಿಕೊಂಡ ಎಂದು ಬರೆಯುತ್ತೇನೆ, ವಿಧವೆಯರಿಗೆ ಮೊದಲು ಸಿಗುತ್ತದೆ ಎಂದ. ಅರ್ಜಿ ಕಸಿದುಕೊಂಡು ಮನೆಗೆ ಬಂದೆ. ಆ ವರ್ಷವೆಲ್ಲ ನಾನೂ ಮಗಳೂ ಕೊಡದಲ್ಲಿ ನೀರು ಸೇದಿ ಮೆಣಸಿನಗಿಡ ಉಳಿಸಿದೆವು. ಅವನು ಹೇಳಿದ ಹಾಗೆ ಬರೆಸಿದ್ದರೆ ಈ ಪತ್ರ ಹಾಕಲು ಇಂದು ವಿಳಾಸವೇ ಇರುತ್ತಿರಲಿಲ್ಲ.