ಸರಳನ್ನು ಎದೆಗೆ ಎಳೆದುಕೊಳ್ಳಬೇಕಿತ್ತು

ಕೊಟ್ಟೂರು, ೧೯೮೭ರ ಕಾರ್ತಿಕ

ಗೆಳೆಯ ಗಂಗಪ್ಪಾ,

ಇನ್ನು ಹಾರುವುದಿಲ್ಲ ಎಂದು ನಿನ್ನ ಮಣ್ಣಿನ ದಿನ ಹೇಳಿದ್ದವನು, ನೀನು ಬಿದ್ದ ಗುಡ್ಡದಿಂದಲೇ ಇವತ್ತು ಹಾರಿದೆ. ಮಿಲಿಟರಿಯಲ್ಲಿ ಕಲಿತು ಬಂದು ನಿನಗೆ ಕಲಿಸಿದೆನಲ್ಲ, ರೆಕ್ಕೆಯಡಿ ತೂಗುತ್ತ ಅಡ್ಡ ಸರಳು ಹಿಡಿದು ಹಾರಿಸುವ ಅದೇ ಗ್ಲೈಡರು. ಹರಿದ ರೆಕ್ಕೆಯ ಬಟ್ಟೆಯನ್ನು ಹೊಲಿಸಿದ್ದೆ.

ಬೀಳು ಹೊಲದ ಮೇಲೆ ಬರುವಾಗ ರೆಕ್ಕೆಯ ಮೂಗು ಮೇಲೆದ್ದಿತು. ಕಿವಿಯಲ್ಲಿ ಗಾಳಿಯ ಸದ್ದು ನಿಂತೇಹೋಯಿತು. ಮರುಕ್ಷಣ ಕೆಳಗೆ ಕುಸಿದೆ. ಆಗ ನೆಲದಿಂದ ದೂರವಾಗಲು ಕೈ ತಾನಾಗಿಯೇ ಸರಳನ್ನು ಮುಂದಕ್ಕೆ ತಳ್ಳಲು ಹೋಗುತ್ತದೆ; ಅಂದು ನಿನ್ನ ಕೈಯೂ ಹೋಗಿತ್ತು. ತಳ್ಳಿದರೆ ಮೂಗು ಇನ್ನೂ ಏರುತ್ತದೆ, ರೆಕ್ಕೆಗೆ ಗಾಳಿಯೇ ಸಿಗುವುದಿಲ್ಲ. ನಾನು ಸರಳನ್ನು ಎದೆಗೆ ಎಳೆದುಕೊಂಡು ನೆಲದ ಕಡೆಗೇ ಧುಮುಕಿದೆ. ವೇಗ ಬಂತು, ರೆಕ್ಕೆ ಗಾಳಿ ಹಿಡಿಯಿತು. ಮೊಣಕಾಲು ತರಚಿದ್ದು ಬಿಟ್ಟರೆ ಸುಖವಾಗಿ ಇಳಿದೆ.

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ನಿನ್ನ ಅವ್ವ ಜೋಗಮ್ಮ ಏದುಸಿರು ಬಿಡುತ್ತ ಓಡಿ ಬಂದಳು.

"ಬೀಳಾಕತ್ತಿದ್ದೆಲ್ಲೋ ಓಬಳೇಶಾ! ಹೆಂಗ ಉಳಕಂಡಿ?"

ಹೇಳಿದೆ. ಆಕೆ ಕುಡುಗೋಲು ಕೆಳಗಿಟ್ಟು, ಎರಡೂ ಮುಷ್ಟಿ ಕಟ್ಟಿ ಎದೆಗೆ ಎಳೆದುಕೊಂಡು ನೋಡಿದಳು.

"ಹಿಂಗೇನು?"

"ಹೂಂ ಅವ್ವಾ."

"ಇಷ್ಟ ಏನು?"

ನಾನು ಹೌದೆಂದು ತಲೆಯಾಡಿಸಿದೆ. ಆಕೆ ಮುಷ್ಟಿ ಬಿಚ್ಚಲಿಲ್ಲ. ಗುಡ್ಡದ ಕಡೆ ತಿರುಗಿದಳು.

"ನನ್ನ ಮಗಗ ಇದನ್ನ ಹೇಳಿಕೊಟ್ಟಿದ್ಯೇನಪ್ಪಾ?"

"ಹೇಳಿದ್ದೆ ಅವ್ವಾ," ಅಂದೆ.

ಎಷ್ಟು ಸಲ ಎಂದು ಆಕೆ ಕೇಳಲಿಲ್ಲ. ಒಂದೇ ಸಲ ಹೇಳಿದ್ದೆ, ನಿನಗೆ ಗೊತ್ತು.

ನಿನ್ನ
ಓಬಳೇಶ